ನೀರಿನ ಸುದ್ದಿ ಹೇಳುವ ರಾಧಾಮಣಿ

ರಾಧಾಮಣಿ ಹೇಳಬೇಕಾದುದನ್ನು ಹೇಳಿ ಮುಗಿಸಿದ ಮೇಲೂ ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ. "ಈಗ ನಾನೇನು ಹೇಳ್ದೆ, ನೀವು ಒಂದ್ಸಲ ಹೇಳಿ ನೋಡಣ" ಎನ್ನುತ್ತಿದ್ದಳು; ಎದುರಿಗಿದ್ದವರು ದಿನ, ಹೊತ್ತು, ಬೀದಿ ಮೂರನ್ನೂ ತಪ್ಪಿಲ್ಲದೆ ಒಪ್ಪಿಸುವ ತನಕ ಗೇಟಿನ ಮೇಲಿಟ್ಟ ಕೈ ಕೆಳಗಿಳಿಯುತ್ತಿರಲಿಲ್ಲ. ಮೂವತ್ತೊಂದು ವರ್ಷ ಮಧುಗಿರಿಯ ಹುಡುಗರಿಂದ ಪದ್ಯ ಬಾಯಿಪಾಠ ಮಾಡಿಸಿ ನಿವೃತ್ತನಾದ ನನಗೆ, ನನ್ನದೇ ಮನೆಯ ಮೆಟ್ಟಿಲ ಮೇಲೆ ನಿಂತು "ಗುರುವಾರ ಬೆಳಗ್ಗೆ ಒಂಬತ್ತಕ್ಕೆ ನಮ್ಮ ಬೀದಿ ಅಗೀತಾರೆ, ಸಾಯಂಕಾಲದ ತನಕ ಗಾಡಿ ಆಚೆ ತೆಗೆಯೋ ಹಾಗಿಲ್ಲ" ಎಂದು ಪಾಠ ಒಪ್ಪಿಸಬೇಕಾಗಿ ಬಂದಾಗ ಮೊದಲ ಸಲ ಸಿಟ್ಟೇ ಬಂದಿತು. ಆಕೆ ಅದನ್ನು ಗಮನಿಸಿದಳೋ ಇಲ್ಲವೋ, "ಗುರುವಾರ ಅಲ್ಲ ಮೇಷ್ಟ್ರೇ, ಶುಕ್ರವಾರ" ಎಂದು ತಿದ್ದಿ, ಮತ್ತೊಮ್ಮೆ ಹೇಳಿಸಿದಳು.

ಬೆಟ್ಟದ ಬುಡದ ನಮ್ಮ ಬಡಾವಣೆಗೆ ಎಂಟು ದಿನಕ್ಕೊಮ್ಮೆ ನೀರು ಬರುತ್ತಿದ್ದ ಕಾಲ ಅದು. ಹಳೆಯ ಕೊಳವೆಗಳನ್ನು ತೆಗೆದು ಹೊಸದನ್ನು ಹೂಳಿ, ಮನೆಮನೆಗೂ ಮೀಟರು ಕೂರಿಸಿ, ಹಗಲೂ ರಾತ್ರಿ ನೀರು ಕೊಡುವ ಯೋಜನೆಯೊಂದು ಬಂದು ಬೀದಿಗಳನ್ನೆಲ್ಲ ಸೀಳಿ ಹಾಕಿತ್ತು. ಯಾವ ದಿನ ಯಾವ ಬೀದಿ ಅಗೆಯುತ್ತಾರೆ, ಯಾವಾಗ ನೀರು ನಿಲ್ಲುತ್ತದೆ, ಯಾವಾಗ ಮುಚ್ಚುತ್ತಾರೆ ಎಂದು ಮನೆಯವರಿಗೆ ಮೊದಲೇ ತಿಳಿಸಲು ಗುತ್ತಿಗೆಯವರು ನೇಮಿಸಿಕೊಂಡಿದ್ದವಳು ರಾಧಾಮಣಿ. ಬಡವನಹಳ್ಳಿಯ ಕಡೆಯವಳು; ವಯಸ್ಸು ನಲವತ್ತರ ಆಸುಪಾಸು. ಸೀರೆಯ ಮೇಲೆ ಯಾರೋ ಭಾರಿ ಗಂಡಸಿನ ಅಳತೆಗೆ ಹೊಲಿದ ಹಸಿರು ಹೊಳಪಿನ ಜಾಕೆಟ್ಟೊಂದನ್ನು ತೊಟ್ಟಿರುತ್ತಿದ್ದಳು. ಅದು ಮೊಣಕಾಲ ತನಕ ಇಳಿದು, ಗಾಳಿಗೆ ಉಬ್ಬಿ, ದೂರದಿಂದ ಆಕೆ ಬರುವುದನ್ನು ಆಕೆಗಿಂತ ಮೊದಲೇ ಸಾರುತ್ತಿತ್ತು. ಗುಂಡಿಯ ಪಕ್ಕದಲ್ಲಿ ಎಲ್ಲರೂ ಗೋಡೆ ಹಿಡಿದು ತಡವರಿಸುವಾಗ ಆಕೆ ಮಾತ್ರ ಗದ್ದೆಯ ಬದುವಿನ ಮೇಲೆ ನಡೆದಂತೆ, ಒಂದು ಹೆಜ್ಜೆಯ ಮುಂದೆ ಇನ್ನೊಂದನ್ನು ಇಟ್ಟು, ಮಣ್ಣಿನ ಅಂಚಿನಲ್ಲಿಯೇ ನೇರವಾಗಿ ಬರುತ್ತಿದ್ದಳು. ಎದೆಗವಚಿಕೊಂಡ ಉದ್ದನೆಯ ಪುಸ್ತಕದಲ್ಲಿ ಬಡಾವಣೆಯ ನೂರ ಅರವತ್ತನಾಲ್ಕು ಮನೆಗಳೂ ಇದ್ದವು: ಯಾರಿಗೆ ಕಿವಿ ಮಂದ, ಯಾರ ಮನೆಯಲ್ಲಿ ಬಾಣಂತಿ, ಯಾರಿಗೆ ತೆಲುಗಿನಲ್ಲಿ ಹೇಳಿದರೆ ಮಾತ್ರ ತಲೆಗೆ ಹತ್ತುತ್ತದೆ ಎಂಬುದೆಲ್ಲ ಪೆನ್ಸಿಲಿನ ಪುಟ್ಟ ಅಕ್ಷರಗಳಲ್ಲಿ.

ಬೈಗುಳಕ್ಕೆ ಆಕೆ ಹೊಸಬಳಲ್ಲ. ಗುಂಡಿ ತೋಡಿದವರು ಮಧ್ಯಾಹ್ನಕ್ಕೆ ಹೊರಟುಹೋಗುತ್ತಿದ್ದರು, ನಕ್ಷೆ ಬರೆದವರು ಯಾವ ಊರಿನಲ್ಲಿದ್ದರೋ. ಜನರ ಕೈಗೆ ಸಿಗುತ್ತಿದ್ದುದು ಆ ಹಸಿರು ಜಾಕೆಟ್ಟು ಒಂದೇ. ಮೂಲೆಮನೆಯ ಚನ್ನಮಲ್ಲಯ್ಯನವರು ಸ್ಕೂಟರಿನ ಸಮೇತ ಕೆಸರಿಗೆ ಬಿದ್ದ ದಿನ ಬೀದಿಯ ನಡುವೆ ಆಕೆಯನ್ನು ಅರ್ಧ ತಾಸು ಬೈದರು. ಆಕೆ ಕೇಳಿಸಿಕೊಂಡಳು. ಅವರು ಉಸಿರು ತೆಗೆದುಕೊಳ್ಳಲು ನಿಂತಾಗ, "ಮಂಡಿಗೇನಾರ ಪೆಟ್ಟಾಯ್ತಾ ಅಣ್ಣ?" ಎಂದಳು. ಅವರು ಬಗ್ಗಿ ಮಂಡಿ ನೋಡಿಕೊಂಡರು. ಎಷ್ಟೇ ಬಿಸಿಲಿದ್ದರೂ ಆಕೆ ಯಾರ ಮನೆಯಲ್ಲೂ ಒಂದು ಲೋಟ ನೀರು ಮುಟ್ಟುತ್ತಿರಲಿಲ್ಲ. ಕಾರಣ ಕೇಳಿದ ನನ್ನ ಹೆಂಡತಿಗೆ, "ನೀರು ನಿಲ್ಲಿಸ್ತೀವಿ ಅಂತ ಹೇಳಕ್ಕೆ ಬಂದೋಳು ನಿಮ್ಮನೆ ನೀರೇ ಕುಡಿಯದು ಹೆಂಗಮ್ಮ?" ಎಂದು ಬಗಲಿನ ಬಾಟಲಿ ತೋರಿಸಿದ್ದಳು.

ಆಕೆಯನ್ನು ನಾನು ನಿಜವಾಗಿ ಅರಿತದ್ದು ಕಳೆದ ಬೇಸಗೆಯ ಒಂದು ಮಂಗಳವಾರ. ಬೆಳಗ್ಗೆ ಹೊಸ ಕೊಳವೆಗೆ ಅಗೆಯುತ್ತಿದ್ದ ಜೆಸಿಬಿಯ ಹಲ್ಲು ತಾಗಿ, ಚರಂಡಿಯ ಪಕ್ಕದಲ್ಲೇ ಹಾದುಹೋಗಿದ್ದ ಹಳೆಯ ಕೊಳವೆ ಒಡೆಯಿತು. ಹಿಂದೆಯೇ ಚರಂಡಿಯ ಗೋಡೆ ಕುಸಿದು ಕಪ್ಪು ನೀರು ಗುಂಡಿಗೆ ನುಗ್ಗಿ, ಒಡೆದ ಕೊಳವೆಯನ್ನು ಮುಳುಗಿಸಿತು. ಕೆಲಸದವರು ಗುಂಡಿಯ ನೀರು ಬಳಿದು, ಒಡಕಿಗೆ ಕಬ್ಬಿಣದ ಪಟ್ಟಿ ಬಿಗಿದು, ಸಂಜೆಯೊಳಗೆ ಮಣ್ಣು ಮುಚ್ಚಲು ಅಣಿಯಾದರು. ಮರುದಿನ ಬೆಳಗ್ಗೆ ಆರಕ್ಕೆ ನಮ್ಮ ಬಡಾವಣೆಯ ನೀರಿನ ಸರದಿ. ಎಂಟು ದಿನ ಕಾದ ಕೊಡಗಳು ಆಗಲೇ ಜಗಲಿಗೆ ಬಂದು ಕೂತಿದ್ದವು.

ಕಾಮಗಾರಿ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ರೇಣುಕಪ್ರಸಾದ್ ಕೆಟ್ಟ ಮನುಷ್ಯನಲ್ಲ. ಹಿಂದಿನ ವಾರವಷ್ಟೇ ನೀರು ಒಂದು ದಿನ ತಡವಾದುದಕ್ಕೆ ಜನ ರಸ್ತೆಗೆ ಅಡ್ಡ ಕೂತಿದ್ದರಿಂದ ಬೆದರಿದ್ದ ಮನುಷ್ಯ. ಗುಂಡಿಯ ಪಕ್ಕದಲ್ಲೇ ರಾಧಾಮಣಿಗೂ ಆತನಿಗೂ ಮಾತಾಯಿತು. ನಾನು ನನ್ನ ಗೇಟಿನ ಬಳಿ ನಿಂತಿದ್ದೆ.

"ಸರ್, ಚರಂಡಿ ನೀರು ಪೈಪಿನೊಳಕ್ಕೆ ಹೋಗಿಲ್ಲ ಅಂತ ಹೇಳ್ತೀರಾ?"

"ಸ್ಯಾಂಪಲ್ ಕಳಿಸಿದೀನಿ, ರಿಪೋರ್ಟ್ ಶುಕ್ರವಾರ ಬರುತ್ತೆ. ಅಲ್ಲಿವರ್ಗೂ ಯಾರಿಗೂ ಏನೂ ಹೇಳಕ್ಕೆ ಹೋಗ್ಬೇಡಿ. ಸುಮ್ನೆ ಜನ ಗಾಬರಿ ಬೀಳ್ತಾರೆ."

"ಅಂಗಾರೆ ನಾಳೆ ನೀರು ಬಿಡಬ್ಯಾಡಿ."

"ಬಿಡ್ದಿದ್ರೆ ನಾಳೆ ಇದೇ ಗುಂಡಿಗೆ ನನ್ನ ತಳ್ತಾರೆ ಕಣಮ್ಮ" ಎಂದು ಆತ ಜೀಪು ಹತ್ತಿದ.

ರಾಧಾಮಣಿ ನನ್ನ ಜಗಲಿಗೆ ಬಂದು, ಎಂದೂ ಕೂರದವಳು ಕೂತಳು. ಪುಸ್ತಕದ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತಲೇ ಇದ್ದಳು. "ಮೇಷ್ಟ್ರೇ, ನೀರು ಕೆಟ್ಟೈತೆ ಅಂತ ನನ್ಗೆ ಗೊತ್ತಿಲ್ಲ. ಚೆನ್ನಾಗೈತೆ ಅಂತಲೂ ಗೊತ್ತಿಲ್ಲ. ಗೊತ್ತಿಲ್ದಿರೋದನ್ನ ಹೆಂಗೆ ಹೇಳದು?"

ನಾನು ಓದಿದವನು. ಆಕೆಯ ಕೆಲಸ ಹೋದೀತೆಂಬ ಚಿಂತೆಯೂ ನನಗಿತ್ತು ಎಂದು ಈಗ ಸಮಾಧಾನ ಹೇಳಿಕೊಳ್ಳುತ್ತೇನೆ. ಆದರೆ ಅಂದು ನಾನು ಹೇಳಿದ್ದು ಇಷ್ಟೇ: "ರಿಪೋರ್ಟ್ ಬರಲಿ ತಾಯಿ. ಮೇಲಿನವರ ಮಾತು ಮೀರಬೇಡ." ಆಕೆ ತಲೆಯಾಡಿಸಿ ಎದ್ದಳು. ನಾನು ಒಳಕ್ಕೆ ಹೋದೆ. ಹತ್ತು ನಿಮಿಷದಲ್ಲಿ ಪಕ್ಕದ ಮನೆಯ ಗೇಟಿನ ಸದ್ದು, ಆಮೇಲೆ ಅದರಾಚೆಯ ಮನೆಯದು, ಆಮೇಲೆ ಎದುರು ಸಾಲಿನದು ಕೇಳಿಬಂದಿತು.

ಪ್ರತಿ ಬಾಗಿಲಿನಲ್ಲೂ ಆಕೆ ಹೇಳಿದ್ದು ಒಂದೇ ಮಾತು. "ನೀರು ಕೆಟ್ಟೈತೆ ಅಂತ ಹೇಳ್ತಿಲ್ಲ ಅಕ್ಕ. ಪೈಪ್ ಒಡೆದಾಗ ಚರಂಡಿ ನೀರು ಸುತ್ತ ನಿಂತಿದ್ದನ್ನ ನಾನು ಕಣ್ಣಾರ ನೋಡಿವ್ನಿ. ನಾಳೆ ಬರೋ ನೀರು ಹಿಡ್ಕಳಿ, ಬಟ್ಟೆಗೆ, ಪಾತ್ರೆಗೆ ಬಳಸ್ಕಳಿ. ನಾನು ತಿರ್ಗಾ ಬಂದು ಹೇಳೋಗಂಟ ಬಾಯಿಗೆ ಮಾತ್ರ ಬ್ಯಾಡ. ಎಲ್ಲಿ, ನಾನೇನು ಹೇಳ್ದೆ, ಹೇಳಿ?" ಕೆಲವರು ಬೈದರು, ಕೆಲವರು ನಕ್ಕರು. ಸುದ್ದಿ ಆಕೆಗಿಂತ ಮುಂದೆ ಓಡಿ, ನಾಲ್ಕನೆಯ ಬೀದಿಗೆ ಆಕೆ ಹೋಗುವಷ್ಟರಲ್ಲಿ ನೀರಿಗೆ ಯಾರೋ ವಿಷ ಹಾಕಿದ್ದಾರೆಂದು ಆಗಿಹೋಗಿತ್ತು. ಅದನ್ನು ಅಲ್ಲಗಳೆದು, ಮತ್ತೆ ಮೊದಲಿನಿಂದ ಹೇಳಿ, ಒಪ್ಪಿಸಿಕೊಂಡು, ಹೆಸರಿನ ಮುಂದೆ ಗುರುತು ಹಾಕಿ ಮುಂದಕ್ಕೆ ನಡೆದಳು. ದೀಪ ಹಚ್ಚುವ ಹೊತ್ತಿಗೆ ಉಳಿದದ್ದು ಬಡಾವಣೆಯ ಕೊನೆಯ ಮನೆ ಒಂದು. ಹುಣಸೆಹಣ್ಣಿನ ಬೀಜ ಬಿಡಿಸುವ ಶೆಡ್ಡಿಗೆ ಕೂಲಿಗೆ ಹೋಗುವ ಕೆಂಪಕ್ಕನ ಮನೆ, ಬೀಗ ಹಾಕಿತ್ತು. ಪಕ್ಕದ ಮನೆಯ ಅನುಷಾಳಿಗೆ ಹೇಳಿ, ಅವಳಿಂದ ಎರಡು ಸಲ ಒಪ್ಪಿಸಿಕೊಂಡು, "ಕೆಂಪಕ್ಕ ಬಂದ ತಕ್ಷಣ ಹೇಳ್ಬುಡು" ಎಂದು ಹೊರಟಳು. ಬಡವನಹಳ್ಳಿಯ ಕಡೆಗೆ ಕೊನೆಯ ಬಸ್ಸಿನ ಹೊತ್ತಾಗಿತ್ತು.

ಅನುಷಾ ಹೇಳಲು ಮರೆಯಲಿಲ್ಲ. ಕೆಂಪಕ್ಕ ಬಂದುದನ್ನು ಕಂಡು ಗೋಡೆಯ ಮೇಲಿನಿಂದಲೇ, "ನಾಳೆ ಬೆಳಗ್ಗೆ ನೀರು ಬಿಡ್ತಾರಂತೆ, ಹಿಡ್ಕೊಬೇಕಂತೆ, ಕುಡಿಯಕ್ಕೆ ಬ್ಯಾಡ್ವಂತೆ" ಎಂದು ಕೂಗಿದಳು. ಅದೇ ಗಳಿಗೆಯಲ್ಲಿ ಎದುರುಮನೆಯ ಹಿಟ್ಟಿನ ಗಿರಣಿ ಶುರುವಾಯಿತು. ಕೆಂಪಕ್ಕನಿಗೆ ಕೇಳಿಸಿದ್ದು ಮೊದಲ ಅರ್ಧ. "ಆಯ್ತು ಕಣಮ್ಮ" ಎಂದು ಒಳಕ್ಕೆ ಹೋಗಿ ಕೊಡ ತೊಳೆದಿಟ್ಟಳು.

ಶುಕ್ರವಾರ ಮುಂಜಾನೆ ಕೆಂಪಕ್ಕನನ್ನು ವಾಂತಿಭೇದಿಯಿಂದ ನಿತ್ರಾಣಳಾದ ಸ್ಥಿತಿಯಲ್ಲಿ ಆಸ್ಪತ್ರೆಗೆ ಸೇರಿಸಿದರು. ಅಂದೇ ಮಧ್ಯಾಹ್ನ ವರದಿ ಬಂದಿತು: ನೀರು ಕುಡಿಯಲು ಯೋಗ್ಯವಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ನಾನು ಪಕ್ಕದಲ್ಲಿ ಕೂತಿದ್ದಾಗಲೇ ರಾಧಾಮಣಿಯ ಫೋನು ಹೊಡೆದುಕೊಂಡಿತು. ಗಾಬರಿಯಲ್ಲಿ ಏರಿದ ರೇಣುಕಪ್ರಸಾದರ ದನಿ ನನಗೂ ಕೇಳುತ್ತಿತ್ತು. "ರಾಧಾಮಣಿಯವರೇ, ನೀವು... ಜನಕ್ಕೆ ಏನಾದ್ರೂ ಹೇಳಿದ್ರಾ?"

"ಎಲ್ರಿಗೂ ಹೇಳಿದೀನಿ ಸರ್. ಒಬ್ರನ್ನ ಬಿಟ್ಟು."

ನೂರ ಅರವತ್ತಮೂರು ಮನೆಗಳು ಉಳಿದುದಕ್ಕೆ ಆತ ನಿಟ್ಟುಸಿರು ಬಿಟ್ಟನೇನೋ. ಈಕೆಯ ಮುಖದಲ್ಲಿ ಮಾತ್ರ ಆ ಸಂಖ್ಯೆಯ ಸುಳಿವೂ ಇರಲಿಲ್ಲ. ಗಾಜಿನಾಚೆ ಇಳಿಯುತ್ತಿದ್ದ ಡ್ರಿಪ್ಪಿನ ಹನಿಗಳನ್ನು ನೋಡುತ್ತಾ, ಒಂದು ಹನಿ ತಡವಾದರೂ ಬೆಚ್ಚಿ, ಎದ್ದು ನರ್ಸನ್ನು ಕರೆಯುತ್ತಿದ್ದಳು. ಎರಡು ದಿನ ಕೆಂಪಕ್ಕನ ಕಣ್ಣು ಸರಿಯಾಗಿ ತೆರೆಯಲಿಲ್ಲ. ಆ ಎರಡು ದಿನ ರಾಧಾಮಣಿ ಅನ್ನ ತಿಂದದ್ದನ್ನು ನಾನು ಕಾಣೆ.

ಮೂರನೆಯ ದಿನ ಕೆಂಪಕ್ಕ ದಿಂಬಿಗೊರಗಿ ಕೂತು, ಎದುರಿಗೆ ಕಣ್ಣೊರೆಸಿಕೊಳ್ಳುತ್ತಿದ್ದವಳನ್ನು ನೋಡಿದಳು. "ನೀನ್ಯಾಕಮ್ಮ ಅಳ್ತೀಯ? ಪೈಪ್ ಒಡ್ದೋಳು ನೀನಾ?" ಎಂದಳು. ಆಮೇಲೆ ಸಿಟ್ಟಿಲ್ಲದ ದನಿಯಲ್ಲಿ, ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದಳು: "ಅಲ್ಲ, ನಮ್ ಶೆಡ್ಡು ಬಸ್‌ಸ್ಟ್ಯಾಂಡ್ ಹಿಂದ್ಲೇ ಐತಲ್ಲ. ಅಷ್ಟ್ ಮನೆ ತಿರುಗ್ದೋಳು ಅಲ್ಲಿಗೊಂದು ಹೆಜ್ಜೆ ಬರಕಾಗ್ಲಿಲ್ವಾ?"

ರಾಧಾಮಣಿ ಬಸ್ಸಿನ ಮಾತು ಎತ್ತಲಿಲ್ಲ, ಅನುಷಾಳ ಹೆಸರು ಹೇಳಲಿಲ್ಲ. "ಬರ್ಬೇಕಿತ್ತು ಅಕ್ಕ" ಎಂದಳು.

ಕೆಂಪಕ್ಕ ಐದನೆಯ ದಿನ ಮನೆಗೆ ಬಂದಳು. ಮತ್ತೊಂದು ವಾರದಲ್ಲಿ ಕೂಲಿಗೂ ಹೋದಳು. ಒಡೆದ ಕೊಳವೆಯನ್ನು ಬದಲಾಯಿಸಿ, ಎರಡು ಸಲ ಪರೀಕ್ಷೆ ಮಾಡಿಸಿದ ಮೇಲೆಯೇ ನೀರು ಬಿಟ್ಟರು. ಮಾತು ಮೀರಿದ್ದಕ್ಕೆ ರಾಧಾಮಣಿಗೆ ಶಿಕ್ಷೆಯಾಗಲಿಲ್ಲ, ಹೊಗಳಿಕೆಯೂ ಬರಲಿಲ್ಲ. ಎರಡು ತಿಂಗಳಲ್ಲಿ ಪಾವಗಡದ ಕಡೆಯ ಕಾಮಗಾರಿಗೆ ಕಳಿಸಿದರು. ಹೋಗುವ ಮುನ್ನ ಪುಸ್ತಕದಲ್ಲಿ ಹೊಸದೊಂದು ಕಾಲಂ ಎಳೆದಿದ್ದುದನ್ನು ಕಂಡೆ. ಪ್ರತಿ ಹೆಸರಿನ ಮುಂದೆ, ಹಗಲು ಹೊತ್ತು ಅವರು ಎಲ್ಲಿರುತ್ತಾರೆ ಎಂಬುದು: ಗಾರ್ಮೆಂಟ್ಸು, ಹೂವಿನ ಅಂಗಡಿ, ರಾಯಚರ್ಲಿನ ಸೋಲಾರ್ ಪಾರ್ಕು, ಹುಣಸೆಹಣ್ಣಿನ ಶೆಡ್ಡು.

ಊರು ಕಟ್ಟುವವರನ್ನು ನಾವು ಕಲ್ಲಿನ ಮೇಲೆ ಬರೆದಿಡುತ್ತೇವೆ. ಊರು ಕಟ್ಟುವಾಗ ಏನೇನು ಒಡೆಯುತ್ತಿದೆ ಎಂದು ಬಾಗಿಲು ಬಾಗಿಲಿಗೆ ಬಂದು ಹೇಳುವವರ ಕುಲವೇ ಬೇರೆ. ಕೆಲಸ ಅವರದಲ್ಲ, ತಪ್ಪು ಅವರದಲ್ಲ, ನಿರ್ಧಾರವಂತೂ ಅಲ್ಲವೇ ಅಲ್ಲ. ಆದರೂ ಬೈಗುಳದ ಮುಂದೆ ಮುಖವೊಡ್ಡಿ ನಿಲ್ಲುವವರು ಅವರು. ತಿಳಿದಷ್ಟನ್ನು ಹೇಳುವುದು ನನ್ನಂಥ ಮೇಷ್ಟರಿಗೂ ಬರುತ್ತದೆ. ತಿಳಿಯದ್ದನ್ನು ತಿಳಿಯದೆಂದೇ ಹೇಳಿ, ಅದರ ಭಾರವನ್ನು ತಾವೊಬ್ಬರೇ ಹೊರಲು ಇಂಥವರಿಂದ ಮಾತ್ರ ಸಾಧ್ಯ. ಅವರಿಗೆ ನೆಮ್ಮದಿ ಎಂಬುದಿರುವುದಿಲ್ಲ, ಏಕೆಂದರೆ ಕೇಳಿಸಿಕೊಂಡವರು ಎಷ್ಟು ಮಂದಿಯಿದ್ದರೂ ಅವರ ಮನಸ್ಸು ಹೋಗಿ ನಿಲ್ಲುವುದು ಬೀಗ ಹಾಕಿದ ಮನೆಯ ಮುಂದೆ. ನಮ್ಮ ನೆಮ್ಮದಿಯ ಬಹುಪಾಲು, ನಮಗೆ ಗೊತ್ತೇ ಆಗದಂತೆ, ಇಂಥ ಕೆಲವರ ಕಳವಳದ ಮೇಲೆ ನಿಂತಿದೆ.