ಯಾವುದಾದ ಮೇಲೆ ಯಾವುದು

“ನಾನು ಹೋಗೋದ್ರೊಳಗೆ ಪಟ್ಟಿ ಪೂರ್ತಿ ಬರೆದಿಟ್ಟಿರ್ತೀನಿ ಕಣಮ್ಮ” ಎಂದು ಚಕ್ರಪಾಣಿ ಶ್ವೇತಳಿಗೆ ಮಾತು ಕೊಟ್ಟು ಒಂಬತ್ತು ವರ್ಷವಾಗಿತ್ತು. ಈಗ ಜಯನಗರದ ಮನೆಯಲ್ಲಿ ಅವರ ಶವದ ಕಾಲ ಬಳಿ ನಿಂತು ಅವಳು ಫೋನನ್ನು ಕಿವಿಗೊತ್ತಿಕೊಂಡಿದ್ದಳು.

“ಅಕ್ಕಾ, ಮತ್ತೆ ಬಿತ್ತು. ಮೂವತ್ತೊಂದನೇ ಸ್ಕ್ರಿಪ್ಟಲ್ಲಿ,” ಎಂದ ಆಫೀಸಿನಿಂದ ದೀಪಕ್. “ಹನ್ನೆರಡು ಗಂಟೆಗೆ ಆಸ್ಪತ್ರೆಗಳಿಗೆ ಕಳಿಸ್ಲೇಬೇಕು.”

ಅವರ ಕಂಪನಿಯದು ರೋಗಿಗಳಿಗೆ ಔಷಧಿ ಹನಿಸುವ ಪಂಪಿನ ಸಾಫ್ಟ್‌ವೇರ್. ಬ್ಯಾಟರಿ ಬದಲಿಸಿದಾಗ ಪಂಪು ಎರಡರಷ್ಟು ಔಷಧಿ ಬಿಡುತ್ತದೆಂದು ಮೊನ್ನೆ ಗೊತ್ತಾಗಿತ್ತು. ಆಸ್ಪತ್ರೆಗಳಲ್ಲಿ ಪಂಪು ನಿಲ್ಲಿಸಿ ನರ್ಸುಗಳು ಕಣ್ಣಲ್ಲೇ ಹನಿ ಎಣಿಸುತ್ತಿದ್ದರು. ತಿದ್ದಿದ ಸಾಫ್ಟ್‌ವೇರ್ ಸಿದ್ಧವಾಗಬೇಕೆಂದರೆ ನಲವತ್ತಮೂರು ಸ್ಕ್ರಿಪ್ಟುಗಳು, ಎಂದರೆ ಪುಟ್ಟ ಪ್ರೋಗ್ರಾಮುಗಳು, ಸರಿಯಾದ ಸರದಿಯಲ್ಲಿ ಓಡಬೇಕು. ಯಾವುದು ಯಾವುದನ್ನು ನೆಚ್ಚಿಕೊಂಡಿದೆ ಎಂಬುದು ಚಕ್ರಪಾಣಿಗೆ ಮಾತ್ರ ಗೊತ್ತಿತ್ತು. ನಿನ್ನೆ ಸಂಜೆ ಅವರ ಹೃದಯ ನಿಂತಿತು.

*

“ಇದನ್ನೆಲ್ಲ ಒಂದು ಕಡೆ ಬರೀಬಾರ್ದಾ ಸಾರ್?” ಅಂದು ಶ್ವೇತ ಕೇಳಿದ್ದಳು.

ಚಕ್ರಪಾಣಿ ಡಬ್ಬಿಯ ಚಪಾತಿ ಮುರಿಯುತ್ತ ನಕ್ಕಿದ್ದರು. “ಬರೆದುಕೊಟ್ರೆ ನಾಳೇನೇ ನನ್ನ ಮನೆಗೆ ಕಳಿಸ್ತಾರೆ.”

ಅವಳು ನಗಲಿಲ್ಲ. ಆಗಲೇ ಅವರು ಮಾತು ಕೊಟ್ಟದ್ದು.

*

“ಜಯಾ ಆಂಟಿ, ಸಾರ್ ಏನಾದ್ರೂ ಬರೆದಿಟ್ಟಿದ್ರಾ?” ಸಾವಿನ ಮನೆಯೆಂದು ಹಿಂಜರಿಯುತ್ತಲೇ ಶ್ವೇತ ಕೇಳಿದಳು.

ಚಕ್ರಪಾಣಿಯ ಹೆಂಡತಿ ಬೀರುವಿನಿಂದ ಒಂದು ನೋಟ್‌ಬುಕ್ ತಂದರು. “ಆಫೀಸಲ್ಲಿ ಇವ್ರು ಏನ್ ಮಾಡ್ತಿದ್ರಮ್ಮ? ಇಷ್ಟು ವರ್ಷ ಆದ್ರೂ ನಂಗೆ ತಿಳೀಲಿಲ್ಲ.”

“ಯಾವುದಾದ್ಮೇಲೆ ಯಾವುದು ಅಂತ ನೋಡ್ಕೋತಿದ್ರು ಆಂಟಿ.”

“ಮನೇಲೂ ಅಷ್ಟೇ. ಬೇಳೆ ಬೇಯೋಕ್ ಮುಂಚೆ ಹುಣಸೇಹುಳಿ ಬಿಟ್ಯಾ ಅಂತ ನನ್ನೇ ಬೈಯೋರು.”

“ಸೂತಕದ ಮನೆಯಿಂದ ಏನೂ ತಗೊಂಡ್ ಹೋಗ್ಬಾರ್ದು,” ಚಕ್ರಪಾಣಿಯ ಅಣ್ಣ ಶಾಮಣ್ಣ ತಡೆದರು. “ಇಲ್ಲೇ ಓದ್ಕೊಳಮ್ಮ.”

ಪುರೋಹಿತರ ಮಂತ್ರದ ನಡುವೆ ಅವಳು ಫೋನಿಗೆ ಓದಿ ಹೇಳಿದಳು: “ಮೂವತ್ತೊಂದು ಮೊದಲ ಸಲ ಬೀಳುತ್ತೆ. ಹೆದರಬೇಡಿ. ಹನ್ನೆರಡನ್ನು ಇನ್ನೊಮ್ಮೆ ಓಡಿಸಿ.”

“ಓಡ್ತು ಅಕ್ಕಾ! ಸಾರ್ ಸಖತ್!”

ಮೂವತ್ತೆರಡು, ಮೂವತ್ತಮೂರು... ಮೂವತ್ತೊಂಬತ್ತು. ಪುಟ ತಿರುಗಿಸಿದಳು. ‘೪೦’ ಎಂದಿತ್ತು. ಎದುರಿಗೆ ಏನೂ ಇರಲಿಲ್ಲ.

“ನಲವತ್ತು ಯಾವ್ದೋ ಫೈಲ್ ಕೇಳ್ತಿದೆ, ಎಲ್ಲಿಂದ ಬರ್ಬೇಕೋ ಗೊತ್ತಿಲ್ಲ,” ದೀಪಕನ ದನಿ ತಗ್ಗಿತು. “ಅದನ್ನ ಬಿಟ್ರೆ ಮಿಕ್ಕಿದ್ದೆಲ್ಲ ಓಡುತ್ತೆ ಅಕ್ಕಾ. ಬಿಟ್ಟು ಕಳಿಸ್ಲಾ? ಮ್ಯಾನೇಜರ್ ನಂದಕುಮಾರ್ ಸಾರ್ ತಲೆ ಮೇಲೇ ನಿಂತಿದಾರೆ, ಕಳಿಸು ಅಂತಿದಾರೆ.”

ಹನ್ನೊಂದೂ ಐವತ್ತು. ನಲವತ್ತನ್ನು ಬಿಟ್ಟರೆ ಪಂಪಿನೊಳಗೆ ಏನು ಕೆಡುತ್ತದೆ? ಉತ್ತರ ಹೇಳಬಲ್ಲ ಬಾಯಿಗೆ ಶಾಮಣ್ಣ ಅಕ್ಕಿಕಾಳು ಹಾಕುತ್ತಿದ್ದರು.

“ಬೇಡ,” ಎಂದಳು. “ಪಂಪ್ ಶುರು ಮಾಡ್ಬೇಡಿ ಅಂತ ಎಲ್ಲಾ ಆಸ್ಪತ್ರೆಗೂ ಫೋನ್ ಮಾಡು. ಯಾರು ಹೇಳಿದ್ದು ಅಂದ್ರೆ ನನ್ನ ಹೆಸರು ಹೇಳು.”

ನಾಲ್ವರು ಚಟ್ಟ ಎತ್ತಿದರು. ಶ್ವೇತ ಗೋಡೆಗೊರಗಿ ದಾರಿ ಬಿಟ್ಟಳು. ಪುಟದಲ್ಲಿ ನಲವತ್ತರಿಂದ ನಲವತ್ತಮೂರರವರೆಗಿನ ನಾಲ್ಕು ಅಂಕಿಗಳ ಮುಂದೆ ನಾಲ್ಕು ಖಾಲಿ ಸಾಲುಗಳಿದ್ದವು. ಚಕ್ರಪಾಣಿ ಮಾತು ಉಳಿಸಿಕೊಂಡಿರಲಿಲ್ಲ.