ಹೆಸರು ಹೇಳಿ ಕೊಟ್ಟ ಬತ್ತಿ

ಓಲ್ತೇನಿಯಾ ಸೀಮೆಯ ಗುಡ್ಡಗಳ ನಡುವಿನ ಪೊಯೆನಿತ್ಸಾ ಎಂಬ ಹಳ್ಳಿಯಲ್ಲಿ ಬೈಗುಳಗಳಿಗೆ ಕೊರತೆಯಿಲ್ಲ. ಆದರೆ ಜಗಳ ಕೊಡಲಿ ಎತ್ತುವ ಹಂತಕ್ಕೆ ಬಂದಾಗ ಮಾತ್ರ ಆಡುವ ಶಾಪವೊಂದಿದೆ: "ಬತ್ತಿಯಿಲ್ಲದೆ ಸಾಯಿ." ಪ್ರಾಣ ಹೋಗುವ ಗಳಿಗೆಯಲ್ಲಿ ಕೈಯೊಳಗೆ ಉರಿಯುವ ಮೇಣದಬತ್ತಿ ಇರಬೇಕು, ಇಲ್ಲದವನು ಆಚೆಯ ದಾರಿಯನ್ನು ಕತ್ತಲಲ್ಲಿ ತಡಕುತ್ತಲೇ ಇರಬೇಕಾಗುತ್ತದೆ. ಈ ಕಥೆಯನ್ನು ನಾನು ಆ ಊರಿನ ಸ್ತಾನಾ ಎಂಬ ಮುದುಕಿಯಿಂದ, ಅವಳ ಒಲೆಯ ಮುಂದೆ ಕುಳಿತು ಕೇಳಿದೆ. ಮತ್ತಿಬ್ಬರು ಹೇಳಿದ ಪಾಠದಲ್ಲಿ ಕೊನೆ ಬೇರೆ, ಹೆಚ್ಚು ಪುಣ್ಯಕರ. ಆದರೆ ಅವರಿಬ್ಬರೂ ಬೇಲಿಯಾಚೆ ನಿಂತು ನೋಡಿದವರು, ಸ್ತಾನಾ ಮನೆಯೊಳಕ್ಕೆ ಕಾಲಿಟ್ಟವಳು. ಆದ್ದರಿಂದ ಅವಳು ಹೇಳಿದಂತೆಯೇ ಇಲ್ಲಿ ಬರೆಯುತ್ತಿದ್ದೇನೆ.

ಸರ್ಕಾರಕ್ಕೆ ಧಾನ್ಯ ಒಪ್ಪಿಸದೆ ಬಚ್ಚಿಟ್ಟವರನ್ನು ಹಿಡಿದೊಯ್ಯುತ್ತಿದ್ದ ಕಾಲ ಅದು. ಜಂಫಿರಾಳ ಗಂಡ ಯೊರ್ದಾಕೆ ಪ್ಲಮ್ ತೋಟದ ನಡುವೆ ಹಗೇವು ತೋಡಿ ಜೋಳ ಮುಚ್ಚಿಟ್ಟಿದ್ದ. ಹುಡುಕಲು ಬಂದ ಸರ್ಕಾರದವರಿಗೆ ಅದು ತಾವಾಗಿ ಸಿಗುತ್ತಿರಲಿಲ್ಲ. ಯೊರ್ದಾಕೆಯ ಚಿಕ್ಕಪ್ಪನ ಮಗ, ಪಕ್ಕದ ಮನೆಯ ತುದೊಸೆ, ಅವರ ಹಿಂದೆಯೇ ನಡೆದು ಬಂದು, ಬಾಯಿಬಿಟ್ಟು ಏನೂ ಹೇಳದೆ, ಬೂಟಿನ ತುದಿಯಿಂದ ಒಂದು ಕಡೆ ಹುಲ್ಲನ್ನು ಕೆದಕಿದ. ಅಷ್ಟೇ. ಯೊರ್ದಾಕೆಯನ್ನು ಕಲ್ಲಿನ ಗಣಿಗೆ ಕಳಿಸಿದರು. ಜೊತೆಗಿದ್ದು ಬಿಡುಗಡೆಯಾದ ಒಬ್ಬ ಆಮೇಲೆ ಊರಿಗೆ ಬಂದು ಸುದ್ದಿ ಹೇಳಿದ: ಗುಡಿಸಲಲ್ಲಿ ಜ್ವರ ಬಂದು ಸತ್ತ, ಕೊನೆಗೆ ಬತ್ತಿ ಬತ್ತಿ ಎಂದು ಕೇಳಿದ, ಅಲ್ಲಿ ಬೆಂಕಿಕಡ್ಡಿಯೂ ಇರಲಿಲ್ಲ.

ಗಂಡ ಸತ್ತದ್ದನ್ನು ಜಂಫಿರಾ ಹೇಗೋ ನುಂಗಿಕೊಂಡಳು. ಕತ್ತಲಲ್ಲಿ ಹೋದದ್ದನ್ನು ನುಂಗಲಾಗಲಿಲ್ಲ. ಮಕ್ಕಳಿರಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದವಳು ಏಳಲಿಲ್ಲ. ಸ್ತಾನಾ ತಂದ ಮೆಕ್ಕೆಜೋಳದ ಮುದ್ದೆ ತಟ್ಟೆಯಲ್ಲೇ ಒಣಗಿ ಬಿರಿಯುತ್ತಿತ್ತು. ಹಾಗೆ ಮಲಗಿದ್ದಾಗ ಒಂದು ಬೆಳಿಗ್ಗೆ ಕಿಟಕಿಯಾಚೆ ಮಾತು ಕೇಳಿಸಿತು. ತುದೊಸೆ ಬಡಗಿಯನ್ನು ಕರೆತಂದಿದ್ದ.

"ಈ ಬೇಲಿ ಕಿತ್ತುಹಾಕಿದ್ರೆ ಎರಡೂ ತೋಟ ಒಂದಾಗುತ್ತೆ ನೋಡು," ಎನ್ನುತ್ತಿದ್ದ.

"ಅವಳಿನ್ನೂ ಉಸಿರಾಡ್ತಿದಾಳಲ್ಲೋ ಮಾರಾಯ."

"ಆಡ್ಲಿ ಬಿಡು. ನಾನೇನು ಅವಸರ ಮಾಡಿದ್ನಾ? ಮಣ್ಣು ಮೆತ್ತಗಾಗೋ ಹೊತ್ತಿಗೆ ಅವಳದ್ದೂ ಮುಗಿದಿರುತ್ತೆ. ಒಂದೇ ಸಲ ಗುಂಡಿ ತೋಡಬಹುದು, ಬೇಲಿ ಗೂಟಕ್ಕೂ ಅವಳಿಗೂ."

ಬಡಗಿ ನಕ್ಕ. ಜಂಫಿರಾ ಎದ್ದು ಕೂತಳು. ತಟ್ಟೆಯಲ್ಲಿದ್ದ ತಣ್ಣನೆಯ ಮುದ್ದೆಯನ್ನು ಕೈಯಿಂದಲೇ ಮುರಿದು, ಅಗಿಯಲಾಗದಷ್ಟು ಬಾಯಿಗೆ ತುಂಬಿಕೊಂಡಳು. ಸ್ತಾನಾ ಬಂದು ನೋಡಿದಾಗ ತಟ್ಟೆ ಬರಿದಾಗಿತ್ತು. ಜಂಫಿರಾ ಕಣ್ಣಲ್ಲಿ ನೀರು ಸುರಿಸುತ್ತ ಇನ್ನೂ ಅಗಿಯುತ್ತಿದ್ದಳು.

"ಹಸಿವಾಯ್ತೇನೆ?"

"ಇಲ್ಲ ಸ್ತಾನಕ್ಕ. ಹಸಿವಿಲ್ಲ. ಇನ್ನಷ್ಟು ತಾ."

ಅಂದಿನಿಂದ ಅವಳ ಬದುಕು ತುದೊಸೆಯ ಕಿಟಕಿಗೆ ಎದುರಾಗಿ ನಡೆಯಿತು. ಗೋಡೆಗೆ ಸುಣ್ಣ ಬಳಿದರೆ ಅವನ ಕಡೆಯ ಗೋಡೆಗೇ ಮೊದಲು. ಮರಗಳ ಒಣಕೊಂಬೆ ಕಡಿದು ಹೊಸ ಸಸಿ ನೆಟ್ಟಳು, ಅದೂ ಬೇಲಿಗೆ ತಾಗಿಯೇ. ಊಟದ ತಟ್ಟೆಯನ್ನು ಹೊರಗೆ ತಂದು ಅವನು ಕಾಣುವಂತೆ ಕೂತು ಉಂಡಳು. ಸ್ತಾನಾಳನ್ನು ಬೇಲಿಯ ಹತ್ತಿರ ಎಳೆದು ನಿಲ್ಲಿಸಿ, ಏನೂ ಇಲ್ಲದ ಮಾತಿಗೆ ಗಹಗಹಿಸಿ ನಕ್ಕಳು. ಊರು, ಗಂಡ ಸತ್ತವಳಿಗೆ ತಲೆ ಕೆಟ್ಟಿದೆ ಎಂದಿತು. ಮುಂದೆ ಒಮ್ಮೆ ಅವಳು ಸ್ತಾನಾಳಿಗೆ ಹೀಗೆ ಹೇಳಿದಳಂತೆ: "ಮೊದಮೊದಲು ಅದು ಸುಳ್ಳು ನಗು, ಅಕ್ಕ. ದವಡೆ ನೋಯ್ತಿತ್ತು. ಯಾವತ್ತೋ ಒಂದು ದಿನ ನಿಜವಾಗ್ಲೂ ನಗು ಬಂದ್ಬಿಡ್ತು. ಮನೆಗೆ ಬಂದು ನನ್ನ ಕೆನ್ನೆಗೆ ನಾನೇ ಹೊಡ್ಕೊಂಡೆ. ಆಮೇಲೆ ಅಂದ್ಕೊಂಡೆ, ಬರ್ಲಿ, ಇದೂ ಅವನಿಗೆ ಕೇಳಿಸ್ಲಿ."

ಪೊಯೆನಿತ್ಸಾದಲ್ಲಿ ಬದುಕಿರುವವರೂ ತಮ್ಮ ತಿಥಿಯನ್ನು ತಾವೇ ಮಾಡಿಕೊಳ್ಳಬಹುದು. ಸತ್ತ ಮೇಲೆ ಬೇಕಾಗುವ ತಟ್ಟೆ, ಮೇಜು, ಹಾಸಿಗೆ, ಊಟ ಎಲ್ಲವನ್ನೂ ಈಗಲೇ ದಾನ ಮಾಡಿದರೆ ಅವು ಆಚೆ ಕಾಯುತ್ತಿರುತ್ತವೆ. ಕೊಡುವವರು ಯಾರ ಹೆಸರಿಗೆ ಎಂದು ಹೇಳಬೇಕು; ತೆಗೆದುಕೊಳ್ಳುವವರು "ಬೊಗ್ದಪ್ರೊಸ್ತೆ" ಎನ್ನಬೇಕು. ದೇವರು ಕ್ಷಮಿಸಲಿ ಎಂದು ಅದರ ಅರ್ಥ. ಆ ಮಾತು ಬಾಯಿಂದ ಬಿದ್ದ ಮೇಲೆ ವಸ್ತು ಯಾರ ಕೈಯಲ್ಲಿದ್ದರೂ, ಆಚೆಯ ಲೋಕದಲ್ಲಿ ಅದು ಹೆಸರಿನವರದ್ದೇ.

ಮುಂದಿನ ಶರತ್ಕಾಲದಲ್ಲಿ ಜಂಫಿರಾ ತನ್ನ ತಿಥಿಗೆ ಊರನ್ನು ಕರೆದಳು. ತುದೊಸೆ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಬಂದ.

"ಒಳ್ಳೆ ಕೆಲಸ ಮಾಡಿದ್ರಿ ಅತ್ತಿಗೆ. ಎಲ್ಲ ಸಿದ್ಧ ಮಾಡ್ಕೊಳ್ಳೋದು ಒಳ್ಳೇದು."

"ಕೂತ್ಕೊಳೋ ತುದೊಸೆ. ನನ್ನ ಹೆಸರಿಗೆ," ಎಂದು ಜೇನು ಬೆರೆಸಿದ ಗೋಧಿಯ ಬಟ್ಟಲನ್ನು ಅವನ ಮುಂದಿಟ್ಟಳು.

"ಬೊಗ್ದಪ್ರೊಸ್ತೆ," ಎಂದು ತುಂಬು ಬಾಯಿಂದ ಅಂದ.

ಅದರ ಮುಂದಿನ ವರ್ಷವೂ ಕರೆದಳು. ಅದಕ್ಕೂ ಮುಂದಿನ ವರ್ಷವೂ. ಪ್ರತಿ ಸಲ ಜಂಫಿರಾಳ ತೋಳು ಇನ್ನಷ್ಟು ತುಂಬಿಕೊಂಡಿರುತ್ತಿತ್ತು, ತುದೊಸೆಯ ಇಸ್ತ್ರಿ ಅಂಗಿಯ ಕಾಲರು ಇನ್ನಷ್ಟು ಸಡಿಲವಾಗಿರುತ್ತಿತ್ತು. ಒಮ್ಮೆ ಎಲ್ಲರೆದುರು ಬಟ್ಟಲನ್ನು ದೂಡಿ ಸಿಡುಕಿದ: "ಇದೆಷ್ಟು ಸಲ ಸಾಯ್ತೀರಿ ಅತ್ತಿಗೆ?"

"ನೀನು ಉಣ್ಣೋವರೆಗೂ ಕಣೋ. ಆಚೆ ನನ್ನ ಅಡುಗೆಮನೆಗೆ ಇನ್ನೊಂದೆರಡು ಪಾತ್ರೆ ಬಾಕಿ ಇದೆ. ತಿನ್ನು, ತಿನ್ನು."

ಊರು ಮೇಜು ಕುಟ್ಟಿ ನಕ್ಕಿತು. ತಿಥಿಯ ಊಟ ನಿರಾಕರಿಸುವುದು ಅಲ್ಲಿ ಆಗದ ಮಾತು. ತುದೊಸೆ ತಿಂದ.

ಯೊರ್ದಾಕೆಯ ಹೆಸರಿಗೂ ಅವಳು ಬತ್ತಿಗಳನ್ನು ಕೊಡುತ್ತಿದ್ದಳು; ಚರ್ಚಿನಲ್ಲಿ, ದಾರಿಹೋಕರಿಗೆ, ಮಕ್ಕಳಿಗೆ. ಆದರೆ ಪ್ರತಿ ಸಲ ಕೊಟ್ಟು ಬಂದ ಮೇಲೆ ಗಂಡ ಕನಸಿನಲ್ಲಿ ಕಂಡು, ಎರಡು ಕೈಯನ್ನೂ ಮುಂದೆ ಚಾಚಿ ನಡೆಯುತ್ತಿದ್ದನಂತೆ, ಕುರುಡರು ನಡೆಯುವ ಹಾಗೆ.

ತುದೊಸೆ ಹಾಸಿಗೆ ಹಿಡಿದದ್ದು ಪ್ಲಮ್ ಹೂಬಿಟ್ಟ ತಿಂಗಳಲ್ಲಿ. ಹೆಂಡತಿ ಮೊದಲೇ ಸತ್ತಿದ್ದಳು, ಮಗಳು ದೂರದ ಪಟ್ಟಣದಲ್ಲಿದ್ದಳು. ಸ್ತಾನಾ ನೋಡಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಸಾಯುವವರ ಮೂಗಿನಂತೆ ಅವನ ಮೂಗು ಚೂಪಾದದ್ದನ್ನು ಕಂಡು ಅವಳು ಬೇಲಿಯ ಬಳಿ ಓಡಿಬಂದಳು.

"ಜಂಫಿರಾ, ಬಾರೆ, ಒಂದು ಗಳಿಗೆ ಕೂತಿರು. ಪಾದ್ರಿನ ಕರ್ಕೊಂಡ್ ಬರ್ತೀನಿ. ಬತ್ತಿ ದಿಂಬಿನ ಹತ್ರ ಇದೆ. ಹೊತ್ತು ಬಂತು ಅನ್ನಿಸಿದ್ರೆ ಹಚ್ಚಿ ಕೈಗೆ ಕೊಡು." ಆಮೇಲೆ ಅವಳ ಮುಖ ನೋಡಿ, "ಕೊಡ್ತೀಯ ತಾನೆ?" ಎಂದಳು.

"ಹೋಗು ನೀನು," ಎಂದಳು ಜಂಫಿರಾ.

ಅವಳು ಬಂದದ್ದನ್ನು ಕಂಡು ತುದೊಸೆ ಗೋಡೆಯ ಕಡೆ ಸರಿಯಲು ನೋಡಿದ. ಶಕ್ತಿಯಿರಲಿಲ್ಲ.

"ಸ್ತಾನಾ ಎಲ್ಲಿ?"

"ಬರ್ತಾಳೆ."

"ಕಣ್ಣು ಮಂಜಾಗ್ತಿದೆ. ಅತ್ತಿಗೆ, ಬತ್ತಿ ಹಚ್ಚಿ."

"ಅವನೂ ಹೀಗೇ ಕೇಳಿದ್ನಂತೆ."

ತುದೊಸೆ, "ನಾನೊಂದು ಮಾತೂ ಆಡ್ಲಿಲ್ಲ ಅವತ್ತು," ಎಂದ.

"ಹೌದು. ಕಾಲಲ್ಲಿ ತೋರಿಸ್ದೆ."

"ಬೇಡ್ಕೋತೀನಿ. ಕತ್ತಲಲ್ಲಿ ಕಳಿಸ್ಬೇಡಿ. ತೋಟ, ಮನೆ ಏನು ಬೇಕಾದ್ರೂ…"

ಜಂಫಿರಾ ಕಡ್ಡಿ ಗೀರಿದಳು. ಬತ್ತಿ ಹೊತ್ತಿತು. ಬೆಳಕು ಬೀಳುತ್ತಲೇ ಅವನ ಬೆರಳುಗಳು ಹೊದಿಕೆಯ ಮೇಲೆ ತೆವಳಿ ಬಂದವು. ಅವಳು ಬತ್ತಿಯನ್ನು ಅವನ ಕೈಗೆ ಎಟುಕುವಷ್ಟು ಹತ್ತಿರ ಹಿಡಿದು, ದಾನ ಕೊಡುವ ಧಾಟಿಯಲ್ಲಿ, ಸ್ಪಷ್ಟವಾಗಿ ಹೇಳಿದಳು:

"ತಗೋ. ಯೊರ್ದಾಕೆಯ ಹೆಸರಿಗೆ."

ಬೆರಳುಗಳು ನಿಂತವು. ಊರಿನ ಯಾವ ತಿಥಿಯನ್ನೂ ತಪ್ಪಿಸದ ತುದೊಸೆಗೆ ಈ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ನನ್ನ ಕೈಲಿ ಉರಿಯುತ್ತೆ," ಎಂದ ತೊದಲುತ್ತ. "ಬೆಳಕು ಅವನಿಗಾ?"

"ಅವನಿಗೆ. ಹೊತ್ಕೊಂಡು ಹೋಗೋದು ನೀನು. ಇಲ್ಲಿಂದ ಎಷ್ಟು ಕೊಟ್ರೂ ತಲುಪ್ತಿಲ್ಲ ಕಣೋ. ಆ ಕಡೆ ಹೊರಟವನ ಕೈಲೇ ಕಳಿಸ್ಬೇಕು."

"ಇನ್ನೊಂದು ಹಚ್ಚಿ. ನನಗೆ ಅಂತ ಇನ್ನೊಂದು."

"ಪೆಟ್ಟಿಗೆ ತುಂಬ ಬತ್ತಿ ಇದೆ. ಹಚ್ಚಲ್ಲ."

"ಅತ್ತಿಗೆ, ಅರ್ಧ… ಅರ್ಧ ಅವನಿಗೆ, ಅರ್ಧ…"

"ಪಾಲು ಮಾಡೋಕೆ ಇದೇನು ತೋಟಾನಾ? ಬೇಡ ಅಂದ್ರೆ ಆರಿಸ್ತೀನಿ." ಅವಳು ಉಫ್ ಎನ್ನಲು ತುಟಿ ಸೇರಿಸಿದಳು.

ತುದೊಸೆ ಬತ್ತಿಯನ್ನು ಹಿಡಿದುಕೊಂಡ. ಆ ಗಳಿಗೆಯಲ್ಲಿ ಉರಿಯನ್ನು ಬೇಡವೆನ್ನುವ ಕೈ ಇಲ್ಲ ಎಂದು ಸ್ತಾನಾ ಇಲ್ಲಿ ಪ್ರತಿ ಸಲವೂ ನಿಲ್ಲಿಸಿ ಹೇಳುತ್ತಿದ್ದಳು. ಜಂಫಿರಾ ಅವನ ಬೆರಳುಗಳ ಸುತ್ತ ತನ್ನ ಬೆರಳನ್ನು ಬಿಗಿದು, ಕಿವಿಯ ಹತ್ತಿರ ಬಾಗಿದಳು.

"ಹೇಳು."

ಮೇಣ ಕರಗಿ ಇಬ್ಬರ ಕೈಮೇಲೂ ಹರಿಯಿತು. ಅವಳು ಸರಿಯಲಿಲ್ಲ.

"ಹೇಳೋ."

"ಬೊಗ್ದಪ್ರೊಸ್ತೆ," ಎಂದ ತುದೊಸೆ. ಆಮೇಲೆ ಅವನು ಮಾತಾಡಲಿಲ್ಲ.

ಪಾದ್ರಿಯೊಡನೆ ಬಂದ ಸ್ತಾನಾ ಕಂಡದ್ದು, ಸತ್ತವನ ಕೈಯಲ್ಲಿ ಉರಿಯುವ ಬತ್ತಿ, ಆ ಕೈಯನ್ನು ಹಿಡಿದು ಕುಳಿತ ಜಂಫಿರಾ. ಪಾದ್ರಿಯ ಕಣ್ಣು ತುಂಬಿತು. ಸಂಜೆಯೊಳಗೆ ಬೇಲಿಯಾಚೆಯವರೆಲ್ಲ ಅವಳನ್ನು ಸಂತಳನ್ನಾಗಿ ಮಾಡಿದರು. ಶತ್ರುವನ್ನು ಕ್ಷಮಿಸಿ ಬೆಳಕು ಕೊಟ್ಟಳಂತೆ ಎಂಬ ಪಾಠ ಹುಟ್ಟಿದ್ದು ಆಗ. ಜಂಫಿರಾ ಅಲ್ಲಗಳೆಯಲಿಲ್ಲ. ಸ್ತಾನಾಳಿಗೆ ಮಾತ್ರ, ಕೈಗೆ ಅಂಟಿದ ಮೇಣವನ್ನು ಉಗುರಿನಿಂದ ಕೆರೆಯುತ್ತ, ನಡೆದದ್ದನ್ನು ನಡೆದಂತೆ ಹೇಳಿದಳು.

ಸ್ತಾನಾ ಎದೆಯ ಮೇಲೆ ಶಿಲುಬೆ ಬರೆದುಕೊಂಡಳು. "ಅಯ್ಯೋ, ಪಾಪ ಅಲ್ವೇನೆ ಇದು?"

"ಇರಬಹುದು."

"ಇನ್ನು ಅವನ ಗತಿ?"

"ಮಗಳು ಬರ್ತಾಳಲ್ಲ. ಅವನ ಹೆಸರಿಗೆ ಅವಳು ಕೊಡ್ಲಿ, ಊರು ಇಸ್ಕೊಳ್ಲಿ. ನಾನು ಅಡ್ಡ ಬರಲ್ಲ."

"ನೀನು ಇಸ್ಕೊಂಡು ಬೊಗ್ದಪ್ರೊಸ್ತೆ ಅನ್ನಲ್ವಾ?"

ಜಂಫಿರಾ ಮನೆಗೆ ಹೋಗಿ ಮಲಗಿದಳು. ಅಂದಿನಿಂದ ಯೊರ್ದಾಕೆ ಕನಸಿಗೆ ಬರಲಿಲ್ಲ.

ತುದೊಸೆಯ ತಿಥಿಗೆ ಮಗಳು ಧಾರಾಳವಾಗಿ ಖರ್ಚು ಮಾಡಿದಳು. ಮೇಜುಗಳು ಅಂಗಳ ದಾಟಿ ರಸ್ತೆಯವರೆಗೆ ಬಂದವು. ಜಂಫಿರಾ ತನ್ನ ತೋಟದಲ್ಲಿ ಏಣಿ ಹತ್ತಿ, ಹುಳ ಬಿದ್ದ ಕೊಂಬೆಯನ್ನು ಗರಗಸದಿಂದ ಕೊಯ್ಯುತ್ತಿದ್ದಳು. ಹುಡುಗಿ ಜೇನಿನ ಗೋಧಿಯ ಬಟ್ಟಲು ಹಿಡಿದು ಬೇಲಿಯವರೆಗೆ ಬಂದಳು.

"ದೊಡ್ಡಮ್ಮ, ಅಪ್ಪನ ಹೆಸರಿಗೆ. ಎಲ್ಲರಿಗಿಂತ ಮೊದಲು ನಿಮಗೇ ಕೊಡ್ಬೇಕು ಅಂತ ತಂದೆ."

ಅಂಗಳದಲ್ಲಿ ಚಮಚಗಳ ಸದ್ದು ನಿಂತಿತು. ಜಂಫಿರಾ ಮೇಲಿನಿಂದಲೇ ಆ ಹುಡುಗಿಯ ಮುಖವನ್ನು ನೋಡಿದಳು.

"ನೀನು ಒಳ್ಳೆಯವಳು ಮಗಳೇ," ಎಂದಳು. "ಅಲ್ಲಿರೋರಿಗೆ ಕೊಡು. ನನಗೆ ಕೈ ಬಿಡುವಿಲ್ಲ."

ಹಾಗೆಂದು, ಗರಗಸವನ್ನು ಮತ್ತೆ ಕೊಂಬೆಗೆ ಹಚ್ಚಿದಳು.