ತೋಳು ಇಳಿಸಿದ ಮೇಲೆ

ಹತ್ತೊಂಬತ್ತು ವರ್ಷ ಆ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುತ್ತಿದ್ದವಳು ಅವಳೊಬ್ಬಳೇ. ಎಲ್ಲರ ಬಾಯಲ್ಲೂ ಬರೀ ‘ಡಾಕ್ಟರಮ್ಮ’. ಎರಡನೆಯವಳೊಬ್ಬಳು ಕೆಲಸಕ್ಕೆ ಸೇರಿ ವಾರ ಕಳೆಯುವುದರೊಳಗೆ ನರ್ಸುಗಳು ಗುರುತಿಗಿರಲಿ ಎಂದು ಹೊಸಬಳನ್ನು ಚಿಕ್ಕ ಡಾಕ್ಟರು, ಇವಳನ್ನು ದೊಡ್ಡ ಡಾಕ್ಟರು ಎನ್ನತೊಡಗಿದರು. ಅವರು ಅಂದದ್ದು ಮರ್ಯಾದೆಗೇ. ಇವಳ ಕಿವಿಗೆ ಮಾತ್ರ ಅದು ‘ವಯಸ್ಸಾದ ಡಾಕ್ಟರು’ ಎಂದೇ ಬೀಳುತ್ತಿತ್ತು.

ಅದನ್ನಾದರೂ ಹೇಗೋ ನುಂಗಿಕೊಂಡಳು. ನುಂಗಲಾಗದ್ದು ಬೇರೆಯೇ ಇತ್ತು. ಕೈ ಮುರಿದುಕೊಂಡು ಬಂದವರಿಗೆ ಪೂರ್ತಿ ಪ್ರಜ್ಞೆ ತಪ್ಪಿಸದೆ, ಕಂಕುಳಿನಲ್ಲಿ ನರಗಳ ಸುತ್ತ ಮದ್ದು ಚುಚ್ಚಿ ತೋಳೊಂದನ್ನೇ ಮರಗಟ್ಟಿಸುವುದು ಅವಳ ಹೆಮ್ಮೆಯ ಕೆಲಸ. ಅವಳು ಚುಚ್ಚಿದರೆ ತೋಳು ಜೋಮು ಹಿಡಿಯಲು ಅರ್ಧ ಗಂಟೆ ಬೇಕು. ಒಮ್ಮೊಮ್ಮೆ ಹೆಬ್ಬೆರಳಿನ ಕಡೆ ನೋವು ಉಳಿದೇಬಿಡುತ್ತಿತ್ತು. ಚಿಕ್ಕವಳು ಚುಚ್ಚಿದರೆ ಹದಿನೈದು ನಿಮಿಷ. ಅದೇ ಸೂಜಿ, ಅದೇ ಮದ್ದು, ನರ ತೋರಿಸುವ ಅದೇ ಸ್ಕ್ಯಾನ್ ಯಂತ್ರ.

“ಇವತ್ತು ಚಿಕ್ಕವರ ಪಾಳಿನಾ? ಹಾಗಾದ್ರೆ ಊಟಕ್ಕೆ ಮನೆ ಸೇರ್ಬಹುದು,” ಎಂದರು ಒಂದು ದಿನ ಮೂಳೆ ಡಾಕ್ಟರು. ಪಕ್ಕದ ನಲ್ಲಿಯಲ್ಲೇ ಇವಳು ಕೈ ತೊಳೆಯುತ್ತಿದ್ದುದನ್ನು ಅವರು ನೋಡಿರಲಿಲ್ಲ.

ಅಂದೇ ಅವಳು ಆಪರೇಷನ್ ಥಿಯೇಟರಿನ ಬಾಗಿಲ ಗಾಜಿಗೆ ಕಣ್ಣಿಟ್ಟು ನಿಂತಳು. ಸೂಜಿ ಹೊರಬಂದದ್ದೇ ತಡ, ಚಿಕ್ಕವಳು ರೋಗಿಯ ಚಾಚಿದ ತೋಳನ್ನು ಮೆಲ್ಲಗೆ ಇಳಿಸಿ ಪಕ್ಕೆಗೆ ಒರಗಿಸಿ, ಮುಂಗೈಯನ್ನು ಹೊಟ್ಟೆಯ ಮೇಲಿಟ್ಟಳು. ಇವಳು ಹಾಗೆ ಮಾಡುತ್ತಿರಲಿಲ್ಲ. ತೋಳನ್ನು ತಲೆಯ ಕಡೆಗೆ ಎತ್ತಿ ಚಾಚಿಸಿದರೆ, ಜೋಮು ಹಿಡಿಯುವವರೆಗೂ ಅದು ಹಾಗೇ ಇರಬೇಕು. ಗುಟ್ಟು ಇದೇ ಇರಬೇಕೆಂದು ಆಗಲೇ ಹೊಳೆಯಿತು. ಆದರೆ ಮೊನ್ನೆ ಬಂದವಳನ್ನು ನೋಡಿ ಕಲಿಯುವುದೇ? ಮರುದಿನದಿಂದ ಹಟ ಹಿಡಿದವಳಂತೆ ರೋಗಿಗಳ ತೋಳುಗಳನ್ನು ಇನ್ನೂ ಹೆಚ್ಚು ಹೊತ್ತು ಚಾಚಿಸಿಡತೊಡಗಿದಳು.

“ಅವಳನ್ನೇ ಕೇಳ್ಬಿಡೇ. ಬಾಯೇನು ಸವೆದು ಹೋಗುತ್ತಾ?” ಎಂದ ಗಂಡ.

“ನಿಮಗೇನು ಗೊತ್ತು? ತೆಪ್ಪಗಿರಿ.”

ಆಮೇಲೆ ಒಂದು ಬೆಳಿಗ್ಗೆ ಅವಳೇ ಬಚ್ಚಲಲ್ಲಿ ಕಾಲು ಜಾರಿ ಬಿದ್ದು, ಊರಿದ ಬಲಗೈಯ ಮಣಿಕಟ್ಟು ಮುರಿಯಿತು. ಆಪರೇಷನ್ ಮಾಡಿ ಲೋಹದ ಪಟ್ಟಿ ಹಾಕಿ ಕೂಡಿಸಲೇಬೇಕು ಎಂದರು ಮೂಳೆ ಡಾಕ್ಟರು.

“ಮೇಡಂ, ಬೇರೆ ಯಾರೂ ಇಲ್ಲ. ನಾನೇ ಕೊಡ್ಬೇಕು,” ಎಂದಳು ಚಿಕ್ಕವಳು, ಏನೋ ತಪ್ಪು ಮಾಡಿದವಳಂತೆ.

“ಕೊಡು ಕಣಮ್ಮ.”

ಮುರಿದ ಕೈಯನ್ನು ತಲೆಯ ಪಕ್ಕ ಚಾಚಿ ಮಲಗುವುದೆಂದರೆ ಏನೆಂದು ಅವಳಿಗೆ ಗೊತ್ತಾದದ್ದು ಆಗಲೇ. ಐದೇ ನಿಮಿಷಕ್ಕೆ ಭುಜ ಸೆಳೆಯಿತು. ಸೂಜಿ ಹೊರಬಂದು ಚಿಕ್ಕವಳು ತೋಳಿಳಿಸಿ ಪಕ್ಕೆಗೆ ಒರಗಿಸಿದಾಗ ಹೋದ ಜೀವ ಬಂದಂತಾಯಿತು. ಕೈ ಬೆಚ್ಚಗಾಯಿತು, ಭಾರವಾಯಿತು, ಆಮೇಲೆ ಯಾರದೋ ಕೈಯಂತಾಯಿತು. ಹನ್ನೆರಡೇ ನಿಮಿಷ.

ಚಿಕ್ಕವಳು ಹೆಬ್ಬೆರಳಿಗೆ ಮಂಜುಗಡ್ಡೆ ತಾಗಿಸಿದಳು. “ತಣ್ಣಗೆ ಗೊತ್ತಾಗ್ತಿದೆಯಾ ಮೇಡಂ?”

ಏನೇನೂ ಗೊತ್ತಾಗುತ್ತಿರಲಿಲ್ಲ.

“ಗೊತ್ತಾಗ್ತಿದೆ,” ಎಂದಳು. ಯೋಚಿಸುವ ಮೊದಲೇ ಬಾಯಿ ಆಡಿಬಿಟ್ಟಿತ್ತು.

ಹದಿನೆಂಟನೆಯ ನಿಮಿಷಕ್ಕೂ ಅದೇ ಉತ್ತರ, ಇಪ್ಪತ್ತೈದಕ್ಕೂ ಅದೇ. ಮೂಳೆ ಡಾಕ್ಟರು ಗಡಿಯಾರ ನೋಡಿದರು. “ಏನ್ರೀ ಚಿಕ್ಕವರೇ, ಇವತ್ತು ಕೈನೇ ಕೈ ಕೊಡ್ತಾ?” ನರ್ಸು ನಕ್ಕಳು. ಎಷ್ಟೋ ತಿಂಗಳಿಂದ ಉರಿಯುತ್ತಿದ್ದ ಇವಳ ಎದೆ ತಣ್ಣಗಾಯಿತು.

ಚಿಕ್ಕವಳು ನಗಲಿಲ್ಲ. ಮತ್ತೊಂದು ಸಿರಿಂಜಿಗೆ ಮದ್ದು ಎಳೆಯತೊಡಗಿದಳು. “ಇನ್ನೊಂದ್ಸಲ ಚುಚ್ತೀನಿ ಮೇಡಂ. ನಿಮ್ಮ ತೂಕಕ್ಕೆ ಕೊಡೋ ಮಿತಿ ಹತ್ತಿರ ಇದ್ದೀವಿ, ಆದ್ರೂ...” ಮಿತಿ ಮೀರಿದರೆ ಏನಾಗಬಹುದೆಂದು ಆ ಕೋಣೆಯಲ್ಲಿ ಇವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಹೃದಯವೇ ನಿಲ್ಲಬಹುದು.

“ಬೇಡ.”

“ಯಾಕೆ ಮೇಡಂ?”

“ಹಿಡಿದಿದೆ. ಆಗಲೇ ಹಿಡಿದಿದೆ. ನಾನು ಸುಳ್ಳು ಹೇಳ್ದೆ.”

ಮೂಳೆ ಡಾಕ್ಟರು ಇಕ್ಕಳದಿಂದ ಹೆಬ್ಬೆರಳನ್ನು ಬಲವಾಗಿ ಚಿವುಟಿದರು. ಕಣ್ಣಿಂದ ನೋಡಿದ್ದರಿಂದಷ್ಟೇ ಅವಳಿಗೆ ಗೊತ್ತಾಯಿತು. ಅವರು ಕೈ ತೊಳೆಯಲು ಹೋದರು.

“ಯಾಕೆ?” ಎಂದಳು ಚಿಕ್ಕವಳು ಮತ್ತೆ.

“ಹೊಟ್ಟೆಕಿಚ್ಚು ಕಣಮ್ಮ.”

“ನಿಮಗೇನಾದ್ರೂ ಆಗಿದ್ರೆ? ಬದುಕಿರೋವರೆಗೂ ನನ್ನ ತಪ್ಪು ಅಂತಾನೇ ಅಂದ್ಕೊಂಡಿರ್ತಿದ್ದೆ.” ಸಿರಿಂಜಿಗೆ ಎಳೆದಿದ್ದ ಮದ್ದನ್ನು ಅವಳು ಚೆಲ್ಲಿದಳು.

ಪರದೆಯಾಚೆ ಮೂಳೆಗೆ ತೂತು ಕೊರೆಯುವ ಸದ್ದು ಶುರುವಾದ ಮೇಲೆ ಇವಳು ಮೆಲ್ಲಗೆ ಕೇಳಿದಳು, “ತೋಳು ಇಳಿಸೋದನ್ನ ಯಾರು ಹೇಳ್ಕೊಟ್ರು?”

ಚಿಕ್ಕವಳು ನಾಡಿ ತೋರಿಸುವ ಪರದೆಯ ಮೇಲೇ ಕಣ್ಣಿಟ್ಟು ಹೇಳಿದಳು. “ಯಾರೂ ಇಲ್ಲ. ಓದ್ತಿದ್ದಾಗ ಒಬ್ರು ಅಜ್ಜಿ, ಭುಜ ನೋಯುತ್ತೆ ಅಂತ ಚುಚ್ಚಿದ ತಕ್ಷಣ ತೋಳು ಇಳಿಸಿಬಿಟ್ರು. ಬೈಯೋಕೆ ಹೋದೆ, ಅಷ್ಟರಲ್ಲಿ ಹಿಡಿದೇಬಿಟ್ಟಿತ್ತು. ಆಮೇಲೆ ಪುಸ್ತಕ ತೆಗೆದು ನೋಡ್ದೆ. ತೋಳು ಎತ್ತಿದ್ರೆ ಭುಜದ ಮೂಳೆ ನರಗಳ ಸುತ್ತಲಿನ ಜಾಗ ಒತ್ತುತ್ತೆ, ಮದ್ದು ಮೇಲಿನ ನರಗಳವರೆಗೆ ಹರಿಯಲ್ಲ ಅಂತ ಕೆಲವರು ಬರ್ದಿದಾರೆ. ಏನೂ ವ್ಯತ್ಯಾಸ ಇಲ್ಲ ಅನ್ನೋರೂ ಇದಾರೆ.”

ಅವಳು ಕಣ್ಣು ಮುಚ್ಚಿದಳು. ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಜನ ಭುಜ ನೋಯುತ್ತೆ, ಇಳಿಸ್ಲಾ ಎಂದು ಕೇಳಿರಲಿಲ್ಲ? ಸ್ವಲ್ಪ ತಡ್ಕೊಳ್ಳಿ, ಅಲ್ಲಾಡ್ಬೇಡಿ ಎಂದು ಅವರ ಬಾಯಿ ಮುಚ್ಚಿಸಿದ್ದಳು. ಆ ಅಜ್ಜಿ ತನ್ನ ಮೇಜಿನ ಮೇಲೆ ಮಲಗಿದ್ದರೆ ಗದರಿಸಿ ತೋಳನ್ನು ಮತ್ತೆ ಮೇಲೆತ್ತಿಸುತ್ತಿದ್ದಳು. ಹೊಟ್ಟೆಕಿಚ್ಚು ಹೋಗಲಿಲ್ಲ. ಇಷ್ಟು ದಿನ ಹುಡುಗಿಯ ಕೈ ಕಂಡು ಕರುಬುತ್ತಿದ್ದವಳು ಈಗ ರೋಗಿಯ ಮಾತು ಹಾಕಿಕೊಂಡ ಅವಳ ಕಿವಿ ಕಂಡು ಕರುಬಿದಳು.

ಮೂರು ತಿಂಗಳ ನಂತರ ಕೆಲಸಕ್ಕೆ ಮರಳಿದಳು. ಮೊದಲ ರೋಗಿ ಬೆರಳು ಕೊಯ್ದುಕೊಂಡಿದ್ದ ಬಡಗಿ. ಚುಚ್ಚಿದವಳೇ ಅವನ ತೋಳನ್ನು ಇಳಿಸಿ ಪಕ್ಕೆಗೆ ಒರಗಿಸಿದಳು.

“ಚಿಕ್ಕ ಡಾಕ್ಟರ ಥರಾನೇ ಬೇಗ ಹಿಡೀತು!” ಎಂದಳು ನರ್ಸು.

“ಹೂಂ, ಅವಳೇ ಹೇಳ್ಕೊಟ್ಟಿದ್ದು,” ಎಂದಳು ಅವಳು, ಗಡಿಯಾರದಿಂದ ಕಣ್ಣು ತೆಗೆಯದೆ.

ಚಿಕ್ಕವಳು ಆ ಆಪರೇಷನ್ನಿನ ದಿನದಿಂದ ಇವಳೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಬಡಗಿ ಬಂದ ದಿನ ಮಧ್ಯಾಹ್ನ ಅವಳು ಊಟದ ಡಬ್ಬಿ ಬಿಚ್ಚಿ ಕೂತಿದ್ದಾಗ ಇವಳು ಬಾಗಿಲಲ್ಲಿ ನಿಂತು, “ಹದಿನೇಳು ನಿಮಿಷ,” ಎಂದಳು.

“ನಂದು ಇವತ್ತು ಇಪ್ಪತ್ತೆಂಟು,” ಎಂದಳು ಚಿಕ್ಕವಳು, ತಲೆ ಎತ್ತದೆ.

ಅದು ನಿಜವೋ ಸುಳ್ಳೋ, ಇವಳು ಕೇಳಲು ಹೋಗಲಿಲ್ಲ. ಆದರೆ ಆ ಇಪ್ಪತ್ತೆಂಟು ಸಂಜೆಯವರೆಗೂ ಮನಸ್ಸಿಗೆ ಹಿತವಾಗಿತ್ತು. ಹಿತವಾದದ್ದಕ್ಕೆ ನಾಚಿಕೆಯೂ ಆಯಿತು.